ಒಂದೇ ತಳಿ, ಎರಡು ನಾಯಿ

1859ರ ಜೂನ್‌ನಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ನಡೆದದ್ದು ಆಧುನಿಕ ಶ್ವಾನ ಪ್ರದರ್ಶನಗಳಲ್ಲಿ ಮೊದಲನೆಯದು ಎನ್ನುತ್ತಾರೆ. ಅಲ್ಲಿ ಗೆದ್ದವರಿಗೆ ಸಿಕ್ಕ ಬಹುಮಾನ ಬಂದೂಕು. ಕಣಕ್ಕಿಳಿದವೂ ಪಾಯಿಂಟರ್ ಮತ್ತು ಸೆಟ್ಟರ್ ಎಂಬ ಬೇಟೆನಾಯಿಗಳು ಮಾತ್ರ. ನಾಯಿಯ ಅಂದ ನೋಡುವವನೂ ಅದರ ಹಿಂದೆ ಹೊಲದಲ್ಲಿ ನಡೆಯುವವನೂ ಬೇರೆ ಬೇರೆ ಜನ ಆಗಿರಲಿಲ್ಲ. ಹದಿನಾಲ್ಕು ವರ್ಷಗಳಲ್ಲಿ ದಾರಿ ಕವಲೊಡೆಯಿತು. 1873ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು. ಅದೇ ಅಕ್ಟೋಬರ್‌ನಲ್ಲಿ ವೇಲ್ಸ್‌ನ ಬಾಲಾ ಊರಿನಲ್ಲಿ ಕುರಿನಾಯಿಗಳ ಪಂದ್ಯ ನಡೆದು, ಸ್ಕಾಟ್ಲೆಂಡ್ ಮೂಲದ ಥಾಮ್ಸನ್ ಎಂಬವನ ‘ಟ್ವೀಡ್’ ಗೆದ್ದಿತು. ಒಂದು ಕಡೆ ನಾಯಿ ಹೇಗೆ ಕಾಣುತ್ತದೆ ಎಂಬ ಪ್ರಶ್ನೆ, ಇನ್ನೊಂದು ಕಡೆ ಏನು ಮಾಡುತ್ತದೆ ಎಂಬ ಪ್ರಶ್ನೆ. ಮುಂದಿನ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಶೋಕಿಗಾಗಿ ನಾಯಿ ಸಾಕಿದವರ ಮೇಲೆ ದೂರು ಹೊರಿಸಿ ಮುಗಿಸುತ್ತಾರೆ. ಆದರೆ ಚರಿತ್ರೆಯನ್ನು ಸಾವಧಾನವಾಗಿ ನೋಡಿದರೆ ತಳಿ ಎರಡಾಗಲು ಯಾರ ಶೋಕಿಯೂ ಬೇಕಿಲ್ಲ ಎನಿಸುತ್ತದೆ. ಯಾವ ಗುಣಕ್ಕೆ ಪೈಪೋಟಿಯೋ ಆ ಗುಣ ಬೆಳೆಯುತ್ತದೆ. ಪೈಪೋಟಿ ಇಲ್ಲದ್ದು ಯಾರೂ ಕೆಡಿಸದಿದ್ದರೂ ಸವೆಯುತ್ತದೆ.

ಬಾರ್ಡರ್ ಕಾಲಿ ಇದಕ್ಕೆ ನೇರವಾದ ಸಾಕ್ಷಿ. ಈ ತಳಿಯ ಮೂಲಪುರುಷ ಎನಿಸಿದ ‘ಓಲ್ಡ್ ಹೆಂಪ್’ 1893ರಲ್ಲಿ ನಾರ್ಥಂಬರ್ಲೆಂಡ್‌ನಲ್ಲಿ ಹುಟ್ಟಿದ್ದು. ಕುರಿಯನ್ನು ಬೊಗಳದೆ, ಕಚ್ಚದೆ, ಬರೀ ದೃಷ್ಟಿಯಿಂದ ತಿರುಗಿಸುವ ಅದರ ರೀತಿಯೇ ಮುಂದೆ ತಳಿಯ ಗುರುತಾಯಿತು. 1906ರಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಶೀಪ್ ಡಾಗ್ ಸೊಸೈಟಿಯ ವಂಶಾವಳಿ ಪುಸ್ತಕಕ್ಕೆ ಇಂದಿಗೂ ಒಂದು ಹಿಂಬಾಗಿಲಿದೆ: ಅಪ್ಪ ಅಮ್ಮ ಯಾರೆಂದು ದಾಖಲೆ ಇಲ್ಲದ ನಾಯಿಯೂ ಕುರಿ ಕಾಯುವ ಕೆಲಸದಲ್ಲಿ ಸೈ ಎನಿಸಿಕೊಂಡರೆ ಅರ್ಹತೆಯ ಮೇಲೆ ಒಳಗೆ ಬರಬಹುದು. ಹೀಗಾಗಿ ಈ ಸಾಲಿನಲ್ಲಿ ಕಿವಿ ನಿಮಿರಿದ್ದೂ ಉಂಟು, ಜೋತದ್ದೂ ಉಂಟು. ರೋಮ ಗಿಡ್ಡವೂ ಉಂಟು, ಉದ್ದವೂ ಉಂಟು. ಕೆನಲ್ ಕ್ಲಬ್ ಈ ತಳಿಯನ್ನು ಒಪ್ಪಿಕೊಂಡದ್ದು 1976ರಲ್ಲಿ. ಅಮೆರಿಕದ ಕ್ಲಬ್ 1995ರಲ್ಲಿ, ಅದೂ ಕೆಲಸದ ನಾಯಿ ಸಾಕುವವರ ಗಟ್ಟಿ ವಿರೋಧದ ನಡುವೆ. ಅವರು ಹೆದರಿದ್ದು ಚೆಲುವಿಗಲ್ಲ, ಏಕರೂಪಕ್ಕೆ. ಇಂದು ಪ್ರದರ್ಶನದ ಬಾರ್ಡರ್ ಕಾಲಿ ಎಂದರೆ ದಟ್ಟ ರೋಮ, ಅಳೆದಿಟ್ಟಂಥ ಬಿಳಿ ಕೊರಳಪಟ್ಟಿ, ಕೊಂಚ ಗಿಡ್ಡ ಕಾಲು. ಗುಡ್ಡದ ಮೇಲಿನ ಅದರ ನೆಂಟನನ್ನು ಪಕ್ಕಕ್ಕೆ ನಿಲ್ಲಿಸಿದರೆ ಒಂದೇ ತಳಿ ಎಂದು ನಂಬುವುದೇ ಕಷ್ಟ.

ಹಾಗಾದರೆ ಪ್ರದರ್ಶನದ ನಾಯಿಗೂ ಕೆಲಸದ ಪರೀಕ್ಷೆ ಕಡ್ಡಾಯ ಮಾಡಿದರಾಯಿತಲ್ಲ ಎಂದು ಯಾರಿಗಾದರೂ ತೋಚುತ್ತದೆ. ಜರ್ಮನರಿಗೆ ಅದು ಮೊದಲೇ ತೋಚಿತ್ತು. ನಿವೃತ್ತ ಅಶ್ವದಳದ ಅಧಿಕಾರಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ 1899ರಲ್ಲಿ ಒಂದು ಪ್ರದರ್ಶನದಲ್ಲಿಯೇ ಕಂಡ ಕುರಿನಾಯಿಯನ್ನು ಕೊಂಡು, ಹೊರಾಂಡ್ ಎಂದು ಹೆಸರಿಟ್ಟು, ಜರ್ಮನ್ ಶೆಫರ್ಡ್ ತಳಿಯ ಮೊದಲ ದಾಖಲೆ ಮಾಡಿದ. ಅವನ ಮಟ್ಟಿಗೆ ಉಪಯೋಗಕ್ಕೆ ಬಾರದ ಅಂದ ಅಂದವೇ ಅಲ್ಲ. ಅವನ ಸಂಘದಲ್ಲಿ ವಾಸನೆ ಹಿಡಿಯುವುದು, ಆಜ್ಞೆ ಪಾಲಿಸುವುದು, ಒಡೆಯನನ್ನು ಕಾಯುವುದು ಎಂಬ ಮೂರು ಭಾಗಗಳ ಪರೀಕ್ಷೆ ಬೆಳೆಯಿತು. ವಯಸ್ಕ ನಾಯಿ ಪ್ರದರ್ಶನದ ಮೇಲಿನ ದರ್ಜೆಗೆ ಏರಲು ಅದನ್ನು ದಾಟಲೇಬೇಕಾಯಿತು. ಆದರೂ ತಳಿ ಒಡೆಯಿತು. ಕಪ್ಪು ಜೀನು ಹೊದ್ದಂಥ ಕೆಂಪು ಮೈ, ಇಳಿಜಾರಾದ ಬೆನ್ನು, ತೇಲಿಬಂದಂಥ ನಡಿಗೆಯ ಪ್ರದರ್ಶನದ ಸಾಲು ಒಂದೆಡೆ. ಪೊಲೀಸರು, ಗಡಿ ಕಾಯುವವರು ಬೆಳೆಸಿದ, ನೇರ ಬೆನ್ನಿನ ಕಡುಬಣ್ಣದ ಸಾಲು ಇನ್ನೊಂದೆಡೆ. ಪಾಸಾಗುವುದಕ್ಕೂ ರ‍್ಯಾಂಕ್ ಬರುವುದಕ್ಕೂ ಇರುವ ಅಂತರವನ್ನು ನಮ್ಮ ಶಾಲೆಗಳಲ್ಲಿ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಪ್ರದರ್ಶನದ ಸಾಲಿಗೆ ಕೆಲಸದ ಪರೀಕ್ಷೆ ಮೂವತ್ತೈದು ಅಂಕದ ವಿಷಯ; ರ‍್ಯಾಂಕ್ ತರುವುದು ಬೆನ್ನು ಮತ್ತು ನಡಿಗೆ. ಎಲ್ಲರೂ ಮೆಚ್ಚಿ ಮರಿ ಹಾಕಿಸಿಕೊಳ್ಳುವ ಗಂಡುನಾಯಿ ಯಾವುದೆಂದು ನಿರ್ಧರಿಸುವುದು ರ‍್ಯಾಂಕೇ ಹೊರತು ಪಾಸಲ್ಲ. 2016ರಲ್ಲಿ ಬ್ರಿಟನ್ನಿನ ಕ್ರಫ್ಟ್ಸ್ ಪ್ರದರ್ಶನದಲ್ಲಿ ತಳಿಯ ಅತ್ಯುತ್ತಮ ಎನಿಸಿದ ಜರ್ಮನ್ ಶೆಫರ್ಡ್‌ನ ಕುಸಿದ ಬೆನ್ನನ್ನು ಟಿವಿಯಲ್ಲಿ ಕಂಡು ಜನ ಬೆಚ್ಚಿಬಿದ್ದರು. ಅದೇನೂ ಆ ದಿನ ಹುಟ್ಟಿದ ಬೆನ್ನಲ್ಲ.

ಇದಕ್ಕೆ ಪ್ರದರ್ಶನದ ಪರ ವಹಿಸುವವರ ಉತ್ತರ ಹಳೆಯದು, ಪೂರ್ತಿ ತಳ್ಳಿಹಾಕುವಂಥದ್ದೂ ಅಲ್ಲ: ತಳಿಯ ಮಾನದಂಡವೆಂದರೆ ಕೆಲಸಕ್ಕೆ ಬೇಕಾದ ಮೈಕಟ್ಟಿನ ವರ್ಣನೆಯೇ. ಭುಜದ ಕೋನ, ಎದೆಯ ಆಳ, ಪಾದದ ಬಿಗಿ ಇವೆಲ್ಲ ಓಟಕ್ಕೆ ಬೇಕಾದವೇ, ನಿಜ. ಆದರೆ ಮಾನದಂಡದಲ್ಲಿ ‘ದಟ್ಟ’ ಎಂದು ಬರೆದಿದ್ದರೆ ಪೈಪೋಟಿಯಲ್ಲಿ ಅದು ‘ಇನ್ನೂ ದಟ್ಟ’ ಎಂದಾಗುತ್ತದೆ. ಕೆಲಸವೆಂಬುದು ‘ಸಾಕು’ ಎನ್ನುವ ಗಡಿಯನ್ನು ತಾನೇ ಹಾಕುತ್ತದೆ, ಪ್ರದರ್ಶನದ ಕಣದಲ್ಲಿ ಸಾಕು ಎನ್ನುವವರಿಲ್ಲ. ಮೈಕಟ್ಟನ್ನು ಬಿಟ್ಟು ಸ್ವಭಾವಕ್ಕೆ ಬಂದರೆ ಆ ವಾದ ಇನ್ನೂ ಸಡಿಲ. ಸ್ವೀಡನ್ನಿನ ಕೆಂತ್ ಸ್ವಾರ್ಟ್‌ಬರ್ಗ್ 31 ತಳಿಗಳ ಹದಿಮೂರು ಸಾವಿರಕ್ಕೂ ಹೆಚ್ಚು ನಾಯಿಗಳ ಪರೀಕ್ಷೆಯ ಫಲಿತಾಂಶಗಳನ್ನು ಕಲೆಹಾಕಿ 2006ರಲ್ಲಿ ಪ್ರಕಟಿಸಿದ. ತಳಿಯ ಸ್ವಭಾವಕ್ಕೂ ಅದು ಹಿಂದೊಮ್ಮೆ ಮಾಡುತ್ತಿದ್ದ ಕೆಲಸಕ್ಕೂ ನಂಟು ಸಿಗಲಿಲ್ಲ. ಇಂದು ಅದನ್ನು ಯಾತಕ್ಕೆ ಬಳಸುತ್ತಾರೆ ಎಂಬುದಕ್ಕೆ ನಂಟಿತ್ತು. ಪ್ರದರ್ಶನದಲ್ಲಿ ಹೆಚ್ಚು ಬಳಕೆಯಾಗುವ ತಳಿಗಳಲ್ಲಿ ಅಂಜಿಕೆ ಹೆಚ್ಚು, ಆಟದ ಹುರುಪು ಕಡಿಮೆ. ‘ನೂರು ವರ್ಷ ಕುರಿ ಕಾದ ವಂಶ’ ಎಂಬ ಹೆಗ್ಗಳಿಕೆ ಮರಿ ಮಾರುವವನ ಬಾಯಲ್ಲಿ ಉಳಿದಷ್ಟು ಸುಲಭವಾಗಿ ರಕ್ತದಲ್ಲಿ ಉಳಿಯುವುದಿಲ್ಲ.

ಹಾಗೆಂದು ಕೆಲಸದ ಸಾಲೇ ಶುದ್ಧ ಚಿನ್ನ ಎನ್ನುವಂತಿಲ್ಲ. 1965ರ ಕುರಿನಾಯಿ ಪಂದ್ಯದ ಅಂತರರಾಷ್ಟ್ರೀಯ ವಿಜೇತ ‘ವಿಸ್ಟನ್ ಕ್ಯಾಪ್’ಗೆ ಹುಟ್ಟಿ ದಾಖಲಾದ ಮರಿಗಳು 1,933. ಇವತ್ತಿನ ಬಾರ್ಡರ್ ಕಾಲಿಗಳಲ್ಲಿ ಅದರ ರಕ್ತವಿಲ್ಲದ್ದನ್ನು ಹುಡುಕಬೇಕು. ಕೆಲಸದ ಹೆಸರಲ್ಲಿಯೂ ರ‍್ಯಾಂಕಿನ ಬೆನ್ನು ಹತ್ತಿದರೆ ರಕ್ತಸಂಬಂಧ ಹೀಗೆಯೇ ಇಕ್ಕಟ್ಟಾಗುತ್ತದೆ. ಪೊಲೀಸ್ ಕೆಲಸಕ್ಕೆಂದು ಹದಗೊಳಿಸಿದ ಸಾಲಿನ ಮರಿಯನ್ನು ಅಪಾರ್ಟ್‌ಮೆಂಟಿಗೆ ತಂದುಕೊಂಡರೆ ಒಂದು ವರ್ಷದೊಳಗೆ ಸೋಫಾ ಉಳಿಯುವುದಿಲ್ಲ, ನೆರೆಹೊರೆಯ ಸ್ನೇಹವೂ ಉಳಿಯುವುದಿಲ್ಲ. ಹೆಚ್ಚಿನ ನಾಯಿಗಳು ಮನೆಯಲ್ಲೇ ಬಾಳುವಂಥವು, ಆದ್ದರಿಂದ ಕೆಲಸ ಮರೆತರೇನು ಎಂಬ ಆಕ್ಷೇಪಕ್ಕೆ ತೂಕವಿರುವುದು ಇಲ್ಲಿಯೇ. ಆದರೆ ಮನೆಯ ಬಾಳೂ ಒಂದು ಕೆಲಸವೇ: ಮಗು ಬಾಲ ಎಳೆದರೆ ತಾಳುವುದು, ಪಟಾಕಿಗೆ ಹೌಹಾರದಿರುವುದು. ಆ ಗುಣಗಳಿಗೂ ಪ್ರದರ್ಶನದಲ್ಲಿ ರ‍್ಯಾಂಕಿಲ್ಲ.

ನಮ್ಮ ಮುಧೋಳ ನಾಯಿ ಈಗ ನಿಂತಿರುವುದು ಇದೇ ಕವಲಿನಲ್ಲಿ. ಘೋರ್ಪಡೆ ಅರಸರು ಬೆಳೆಸಿದ ಈ ಬೇಟೆನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ಸಿಕ್ಕಿತು. 2016ರಲ್ಲಿ ಮರಿಗಳು ಸೇನೆಯ ತರಬೇತಿಗೆ ಮೀರತ್‌ಗೆ ಹೋದವು. ಕೆನಲ್ ಕ್ಲಬ್ ಆಫ್ ಇಂಡಿಯಾದ ಪಟ್ಟಿಯಲ್ಲಿ ಇದರ ಹೆಸರು ಕ್ಯಾರವಾನ್ ಹೌಂಡ್. ಬಾರ್ಡರ್ ಕಾಲಿಗೆ ಇನ್ನೂ ಕುರಿಗಳಿವೆ, ಮುಧೋಳಕ್ಕೆ ಮೊಲವಿಲ್ಲ. ವನ್ಯಜೀವಿ ಕಾನೂನು ಆ ಬೇಟೆಯನ್ನು ನಿಷೇಧಿಸಿದೆ, ನಿಷೇಧ ಸರಿಯೂ ಹೌದು. ಕೆಲಸವೇ ಹೋದ ಮೇಲೆ ಸುಲಭವಾಗಿ ಅಳೆಯಲು ಸಿಗುವುದು ಎತ್ತರ, ಮೂತಿಯ ಉದ್ದ, ಸಣ್ಣ ಸೊಂಟ. ಬಿಸಿಲಲ್ಲಿ ದೂರ ಓಡಿ ಬೇಗ ಸುಧಾರಿಸಿಕೊಳ್ಳುವ ಶಕ್ತಿಯನ್ನು ಅಳೆಯಲು ಮೊಲ ಬೇಕಿಲ್ಲ. ಹಗ್ಗದಲ್ಲಿ ಎಳೆಯುವ ಗೊಂಬೆ, ಒಂದು ಬಯಲು, ಒಂದು ಗಡಿಯಾರ ಇದ್ದರೆ ಸಾಕು. ಮುಧೋಳ ಬಳಿಯ ತಿಮ್ಮಾಪುರದಲ್ಲಿ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ, ಸುತ್ತ ಬಯಲಿಗಂತೂ ಬರವಿಲ್ಲ.