ಅಂಗಾಲಿನ ಗುಳ್ಳೆ ಮತ್ತು ಜಪಾನಿನ ಗರಡಿ

ಜಪಾನಿನವರು ತಮ್ಮ ಗರಡಿ ಮನೆಗೆ ಡೋಜೋ ಅಂತಾರೆ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ತಲೆ ಬಾಗಿಸಿ ಒಳಗೆ ಹೋಗಬೇಕು. ನಮ್ಮ ತಾಲೀಮಿನಲ್ಲೂ ಅದೇ ರಿವಾಜು, ಹಂಗಾಗಿ ಓದುವವರಿಗೆ ಇದು ಹೊಸದಲ್ಲ. ಆದರೆ ನಮ್ಮ ಪೈಲವಾನರ ಕಾಲಿಗೆ ಸಿಗುವುದು ಎಣ್ಣೆ, ಮಜ್ಜಿಗೆ, ಅರಿಶಿಣ ಹಾಕಿ ಹದ ಮಾಡಿದ ಕೆಂಪು ಮಣ್ಣು. ಅಲ್ಲಿ ಕತ್ತಿವರಸೆ ಕಲಿಯುವವರ ಕಾಲಿಗೆ ಸಿಗುವುದು ಕಟ್ಟಿಗೆಯ ಹಲಗೆ. ಆ ಹಲಗೆಗೂ ಬರಿಗಾಲಿಗೂ ನಡುವೆ ಏನೇನು ನಡೆದುಬಂತು ಅನ್ನೋದನ್ನ ನನಗೆ ತಿಳಿದಷ್ಟು ಬರೆಯುತ್ತೇನೆ. ನಾನು ಏಳನೇ ಇಯತ್ತೆ ಕಲಿತವ, ಡೊಳ್ಳಿನ ಪದ ಹಾಡುವ ರೈತ. ನಮ್ಮ ವಾಚನಾಲಯದ ಮಾಸ್ತರರು ತಂದುಕೊಟ್ಟದ್ದನ್ನು ಓದಿ, ತಿಳಿಯದ ಕಡೆ ಅವರನ್ನೇ ಕೇಳಿ ಬರೆದದ್ದು ಇದು.

ಮೊದಲು ಕಾಲಿನ ಸುದ್ದಿ. ಅಲ್ಲಿಯ ಕತ್ತಿವರಸೆಗೆ ಕೆಂಡೊ ಅಂತ ಹೆಸರು. ಕೈಯಲ್ಲಿ ಬಿದಿರಿನ ಕತ್ತಿ, ಮುಖಕ್ಕೆ ಕಬ್ಬಿಣದ ಜಾಳಿಗೆ, ಎದೆಗೆ ಕವಚ. ಕಾಲಿಗೆ ಮಾತ್ರ ಏನೂ ಇಲ್ಲ. ಬಲಗಾಲು ಮುಂದೆ, ಎಡಗಾಲು ಹಿಂದೆ, ಎಡ ಹಿಮ್ಮಡಿ ನೆಲದಿಂದ ಸ್ವಲ್ಪ ಮೇಲೆ. ನಡೆಯುವಾಗ ಹೆಜ್ಜೆ ಎತ್ತಿ ಇಡುವಂಗಿಲ್ಲ, ನೆಲ ಸವರಿಕೊಂಡು ಸರಿಯಬೇಕು. ಹೊಡೆಯುವಾಗ ಎಡಗಾಲಿನಿಂದ ನೂಕಿ ಬಲಗಾಲನ್ನು ಹಲಗೆಗೆ ಧಡ್ ಅಂತ ಅಪ್ಪಳಿಸಬೇಕು. ಇದನ್ನು ದಿನಕ್ಕೆ ನೂರಾರು ಸಲ ಮಾಡಿದರೆ ಏನಾಗತೈತಿ ಅಂತ ಹೊಲದಲ್ಲಿ ದುಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಎಡಗಾಲಿನ ಹೆಬ್ಬೆರಳ ಕೆಳಗೆ ಗುಳ್ಳೆ ಏಳುತ್ತದೆ, ಗುಳ್ಳೆ ಒಡೆದು ತೊಗಲು ಸುಲಿಯುತ್ತದೆ. ಬಲ ಹಿಮ್ಮಡಿ ಒಳಗೊಳಗೇ ಜಜ್ಜಿ ಹೋಗುತ್ತದೆ. ಎಡಗಾಲಿನ ಹಿಮ್ಮಡಿಯ ಮೇಲಿನ ದಪ್ಪ ನರ ಕೆಲವರಿಗೆ ಹರಿದೇ ಹೋಗುತ್ತದೆ. ಅದು ಹರಿದರೆ ತಿಂಗಳುಗಟ್ಟಲೆ ಕುಂಡ್ರೋದೇ.

ಕುಂಡ್ರೋದಾದರೂ ಸುಖವೇ ಅಂದರೆ ಅದೂ ಇಲ್ಲ. ಪಾಠದ ಮೊದಲು ಮತ್ತು ಕೊನೆಗೆ ಮೊಣಕಾಲು ಮಡಚಿ, ಹಿಮ್ಮಡಿ ಮೇಲೆ ಕೂರಬೇಕು. ನಮ್ಮ ವಜ್ರಾಸನವೇ. ಹಲಗೆ ಮೇಲೆ ಹಾಗೆ ಕೂತರೆ ಪಾದದ ಮೇಲ್ಭಾಗದ ಎಲುಬು ಒತ್ತಿ, ಕಾಲು ಜೋಮು ಹಿಡಿದು, ಏಳುವಾಗ ಹೊಸಬರು ಮುಗ್ಗರಿಸುತ್ತಾರೆ. ಇದಕ್ಕೆ ಅವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಏಳುವ ಮೊದಲು ಕಾಲ್ಬೆರಳನ್ನು ನೆಲಕ್ಕೆ ಊರಿ, ಹಿಮ್ಮಡಿ ಎತ್ತಿ, ರಕ್ತ ಇಳಿಯುವ ತನಕ ಸ್ವಲ್ಪ ಹಾಗೇ ಇರುತ್ತಾರೆ. ರಾತ್ರಿ ಪೂರ್ತಿ ಕೂತು ಭಜನೆ ಮಾಡುವವರು ಇದನ್ನು ಮಾಡಿ ನೋಡಬಹುದು. ನಾನು ಮಾಡಿ ನೋಡಿದೆ, ಫರಕು ಗೊತ್ತಾಗತೈತಿ.

ಗುಳ್ಳೆಗೂ ಅವರಲ್ಲಿ ಕ್ರಮ ಇದೆ. ಮೇಲಿನ ತೊಗಲು ಕಿತ್ತು ಒಗೆಯಬಾರದು. ಸೂಜಿ ಶುದ್ಧ ಮಾಡಿ ಅಂಚಿಗೆ ಚುಚ್ಚಿ, ನೀರು ತೆಗೆದು, ಮೇಲೆ ಪಟ್ಟಿ ಸುತ್ತಬೇಕು. ಕೆಲವು ತಿಂಗಳಲ್ಲಿ ಅಲ್ಲಿ ತೊಗಲು ದಪ್ಪಗಾಗುತ್ತದೆ. ಬಹಳ ದಪ್ಪವಾದರೆ ಮತ್ತೆ ಚಳಿಗಾಲದಲ್ಲಿ ನಮ್ಮ ಹಿಮ್ಮಡಿಯ ಹಾಗೆ ಬಿರಿಯುತ್ತದೆ. ಆದ್ದರಿಂದ ತಿಕ್ಕಿ ತೆಳ್ಳಗೆ ಮಾಡಿ ಎಣ್ಣೆ ಹಚ್ಚುವುದೂ ಬೇಕು. ಈಗೀಗ ಹಿಮ್ಮಡಿಗೆ ಮೆತ್ತನೆಯ ಪಟ್ಟಿ ಹಾಕಿಕೊಂಡು ಆಡುವವರೂ ಇದ್ದಾರೆ.

ಆದರೆ ಹಲಗೆಯ ನೆಲ ಮೊದಲಿನಿಂದ ಬಂದದ್ದಲ್ಲ. ಹಳೇ ಕಾಲದ ಸಮುರಾಯಿಗಳು ಬಯಲಲ್ಲಿ, ಮಣ್ಣಿನ ಮೇಲೆ, ಭತ್ತದ ಹುಲ್ಲಿನಿಂದ ಹೆಣೆದ ಪಾದರಕ್ಷೆ ಹಾಕಿಕೊಂಡು ಕಾದಾಡಿದವರು. 1700ರ ನಂತರ ಯುದ್ಧಗಳಿಲ್ಲದ ಕಾಲದಲ್ಲಿ ಬಿದಿರು ಕತ್ತಿ, ಕವಚ ಹಾಕಿಕೊಂಡು ಮನೆಯೊಳಗೆ ಕಲಿಯುವ ಪದ್ಧತಿ ಬೆಳೆಯಿತು. ಒಳಗೆ ಬಂದ ಮೇಲೆ ಬರಿಗಾಲು ಬಂತು, ಬರಿಗಾಲಿನ ಜೊತೆ ಗುಳ್ಳೆ ಬಂತು.

ಇದಕ್ಕೆ ಚಳಿ ಕೂಡಿದರೆ ಹೇಗೆ? ಅವರ ಪಂಚಾಂಗದಲ್ಲಿ ಜನವರಿ 5-6ರಿಂದ ಫೆಬ್ರುವರಿ ಆರಂಭದವರೆಗೆ ವರ್ಷದ ಕಡು ಚಳಿಯ ದಿನಗಳು. ನಾವು ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಿನ್ನುವ ಹೊತ್ತಿಗೆ, ಅವರು ಬೆಳಗಿನ ಜಾವ ಎದ್ದು ಬೆಂಕಿ ಇಲ್ಲದ ಡೋಜೋದಲ್ಲಿ ಬರಿಗಾಲಲ್ಲಿ ನಿಲ್ಲುತ್ತಾರೆ. ಕಂಗೇಕೊ ಅಂತ ಇದರ ಹೆಸರು, ಚಳಿಯ ಸಾಧನೆ ಅಂತ ಅರ್ಥ. ಬೇಸಿಗೆಯಲ್ಲೂ ಬಿಸಿಲ ಸಾಧನೆ ಅಂತ ಬೇರೆ ಇದೆ. ಚಳಿಯಲ್ಲಿ ಮೊದಲು ಪಾದಕ್ಕೆ ಸ್ಪರ್ಶವೇ ತಿಳಿಯುವುದಿಲ್ಲ, ತೊಗಲು ಸುಲಿದದ್ದೂ ಗೊತ್ತಾಗುವುದಿಲ್ಲ. ಮನೆಗೆ ಹೋಗಿ ಕಾಲು ಬೆಚ್ಚಗಾದಾಗ ನೋವು ಒಮ್ಮೆಲೇ ಬರುತ್ತದೆ.

ನಾನು ಈ ವಿಷಯ ಹಿಡಿದದ್ದಕ್ಕೆ ಕಾರಣ ನಮ್ಮ ಮೊಮ್ಮಗ. ತಾಲೂಕಿನ ಊರಲ್ಲಿ ಕರಾಟೆ ಕ್ಲಾಸಿಗೆ ಹೋಗುತ್ತಾನೆ. ಹೋದ ಬೇಸಿಗೆಯಲ್ಲಿ ಸಿಮೆಂಟಿನ ಅಂಗಳದಲ್ಲಿ ಓಡಿಸಿ ಹುಡುಗನ ಎರಡೂ ಅಂಗಾಲು ಗುಳ್ಳೆ ಎದ್ದಿದ್ದವು, ನಡುವೆ ನೀರು ಕುಡಿಯಲೂ ಬಿಟ್ಟಿರಲಿಲ್ಲವಂತೆ. ಸೊಸೆ ಬಂದು, "ಮಾವಾರ, ಇವನ್ನ ಬಿಡಿಸಿಬಿಡೂಣು" ಅಂದಳು. ಹುಡುಗ, "ಅಜ್ಜಾ, ಜಪಾನದಾಗ ಎಲ್ಲಾರೂ ಹಿಂಗ ಸಹಿಸ್ತಾರಂತ, ಸರ್ ಹೇಳ್ಯಾರ. ಖರೇ ಏನು?" ಅಂದ. ಖರೇನೋ ಸುಳ್ಳೋ ನೋಡೂಣು ಅಂತ ನಾನು ಪುಸ್ತಕ ಹಿಡಿದೆ.

ಜಪಾನಿನಲ್ಲಿ 1868ರಲ್ಲಿ ರಾಜ್ಯಭಾರ ಬದಲಾಗಿ ಸಮುರಾಯಿಗಳ ಕಾಲ ಮುಗಿಯಿತು. 1876ರಲ್ಲಿ ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ತಿರುಗುವುದನ್ನೇ ಸರಕಾರ ನಿಲ್ಲಿಸಿತು. ಹಳೇ ವಿದ್ಯೆ ಕಲಿಸುವ ಗುರುಗಳಿಗೆ ಹೊಟ್ಟೆಪಾಡೇ ಕಷ್ಟವಾಯಿತು. ಅದರ ಮರುವರ್ಷ 17 ವರ್ಷದ ಕಾನೊ ಜಿಗೊರೊ ಅನ್ನುವ ಹುಡುಗ ಟೋಕಿಯೋದಲ್ಲಿ ಜುಜುತ್ಸು ಗುರುವನ್ನು ಹುಡುಕುತ್ತಿದ್ದ. ಗಿಡ್ಡ ಹುಡುಗ, ಶಾಲೆಯಲ್ಲಿ ದೊಡ್ಡ ಹುಡುಗರ ಕೈಯಲ್ಲಿ ಪೆಟ್ಟು ತಿಂದವ. ಅವನು ಹುಡುಕಿದ ರೀತಿ ನನಗೆ ಬಹಳ ಹಿಡಿಸಿತು. ಎಲುಬು ಕೂಡಿಸುವವರ ಮನೆಗಳಿಗೆ ಹೋಗಿ ಕೇಳಿದ. ಯಾಕಂದರೆ ಆ ಕಾಲದ ಜುಜುತ್ಸು ಗುರುಗಳಲ್ಲಿ ಬಹಳ ಮಂದಿ ಎಲುಬು ಕಟ್ಟುವವರೂ ಆಗಿದ್ದರು. ಮುರಿಯುವ ವಿದ್ಯೆ, ಕೂಡಿಸುವ ವಿದ್ಯೆ ಒಂದೇ ಕೈಯಲ್ಲಿ. ನಮ್ಮ ಕಡೆಯೂ ಹಳೇ ವಸ್ತಾದರಿಗೆ ಉಳುಕು ತೆಗೆಯೋದು ಬರುತ್ತಿತ್ತು.

ಹಾಗೆ ಸಿಕ್ಕ ಗುರು ಫುಕುಡಾ ಹಾಚಿನೊಸುಕೆ. ಈ ಪಟ್ಟು ಹೇಗೆ, ಕೈ ಎಲ್ಲಿಡಬೇಕು, ಕಾಲು ಎಲ್ಲಿಡಬೇಕು ಅಂತ ಕಾನೊ ಕೇಳಿದರೆ ಫುಕುಡಾ ಬಾಯಲ್ಲಿ ಹೇಳುತ್ತಿರಲಿಲ್ಲ, ಹತ್ತಿರ ಕರೆದು ಎತ್ತಿ ಒಗೆಯುತ್ತಿದ್ದರು. ಮತ್ತೆ ಕೇಳಿದರೆ ಮತ್ತೆ ಒಗೆತ. ಹುಡುಗನ ಕೈಕಾಲು ತುಂಬ ತರಚು ಗಾಯ, ಮೇಲೆ ಔಷಧದ ಪಟ್ಟಿ. ಆದರೂ ಬಿಡಲಿಲ್ಲ. ಮುಂದೆ 1882ರಲ್ಲಿ ಟೋಕಿಯೋದ ಏಶೋಜಿ ಅನ್ನುವ ಬೌದ್ಧ ಗುಡಿಯಲ್ಲಿ ತನ್ನದೇ ಗರಡಿ ತೆರೆದ. ಅದೇ ಕೊಡೊಕಾನ್. ಜುಡೊ ಹುಟ್ಟಿದ್ದು ಅಲ್ಲಿ. 12 ಚಾಪೆಯ ಜಾಗ, ಅಂದರೆ ಸುಮಾರು 12 ಅಡಿ ಅಗಲ 18 ಅಡಿ ಉದ್ದ. ನಮ್ಮ ದನದ ಕೊಟ್ಟಿಗೆ ಇದಕ್ಕಿಂತ ದೊಡ್ಡದಿದೆ. ಆ ಚಾಪೆ ನಮ್ಮ ಈಚಲ ಚಾಪೆಯಂಥದ್ದಲ್ಲ. ಭತ್ತದ ಹುಲ್ಲನ್ನು ಬಿಗಿಯಾಗಿ ಒತ್ತಿ, ಮೇಲೆ ಜೊಂಡಿನಂಥ ಹುಲ್ಲಿನ ನೇಯ್ಗೆ ಹೊಲಿದದ್ದು. ಹುಡುಗರು ಬಿದ್ದ ರಭಸಕ್ಕೆ ಕೆಳಗಿನ ಹಲಗೆ ಮುರಿಯುತ್ತಿದ್ದವು. ರಾತ್ರಿ ದೀಪ ಹಿಡಿದು ನೆಲದಡಿ ತೆವಳಿಕೊಂಡು ಹೋಗಿ ಕಾನೊ ತಾನೇ ಅವನ್ನು ರಿಪೇರಿ ಮಾಡುತ್ತಿದ್ದ. ವಿಶ್ವವಿದ್ಯಾಲಯದಲ್ಲಿ ಓದಿದ ಮನುಷ್ಯ ಅವನು, ನೆನಪಿರಲಿ.

ತಾನು ಹೇಗೆ ಪೆಟ್ಟು ತಿಂದೆನೋ ಹಾಗೇ ನೀವೂ ತಿನ್ನಿರಿ ಅಂತ ಅವನು ಶಿಷ್ಯರಿಗೆ ಹೇಳಲಿಲ್ಲ. ಒಗೆಯುವ ಮೊದಲು ಎದುರಿನವನ ತೂಕ ಹೇಗೆ ಓಲಾಡಿಸಬೇಕು ಅಂತ ಬಿಡಿಸಿ ಹೇಳಿದ. ಜುಡೊ ಕಲಿಯಲು ಬಂದವರಿಗೆ ಮೊದಲ ಪಾಠ ಬೀಳುವುದು. ಗದ್ದ ಎದೆಗೆ ಒತ್ತಿ, ತಲೆ ನೆಲಕ್ಕೆ ತಾಗದಂಗ, ಕೈಯಿಂದ ಚಾಪೆ ಬಡಿದು ಬೀಳಬೇಕು. ಬೀಳೋದು ಬಂದ ಮೇಲೆ ಬೀಳಿಸೋದು. ಈ ಜುಡೊ ನಮ್ಮ ದೇಶಕ್ಕೂ ಬಂತು. ರವೀಂದ್ರನಾಥ ಠಾಕೂರರು ಕರೆಸಿದ್ದರಿಂದ ಕೊಡೊಕಾನಿನ ತಕಗಾಕಿ ಶಿಂಜೊ 1929ರಲ್ಲಿ ಶಾಂತಿನಿಕೇತನಕ್ಕೆ ಬಂದು ಕಲಿಸಿದರು.

ಅದೇ ಕಾಲದ ಟೋಕಿಯೋದಲ್ಲಿ ಇನ್ನೊಬ್ಬರಿದ್ದರು, ಕತ್ತಿಯ ಗುರು ಯಾಮಾವೊಕಾ ತೆಸ್ಶು. 1836ರಲ್ಲಿ ಹುಟ್ಟಿ 1888ರಲ್ಲಿ ತೀರಿಕೊಂಡವರು. ಇವರ ಡೋಜೋದ ಕಷ್ಟ ಕೇಳಿದರೆ ಮೈ ಜುಂ ಅನ್ನತೈತಿ. ಒಂದು ದಿನವೂ ತಪ್ಪದೆ 1000 ದಿನ ಸಾಧನೆ ಮಾಡಿದವ ಬೇಕಾದರೆ ಒಂದು ವ್ರತ ಹಿಡಿಯಬಹುದು. ಒಂದೇ ದಿನದಲ್ಲಿ 200 ಕಾಳಗ. ಮುಂದಿನ ಮೆಟ್ಟಿಲು 3 ದಿನದಲ್ಲಿ 600. ಅದರ ಮೇಲಿನದು 7 ದಿನದಲ್ಲಿ 1400. ಎದುರಾಳಿಗಳು ಬದಲಾಗುತ್ತಿರುತ್ತಾರೆ, ವ್ರತ ಹಿಡಿದವ ಒಬ್ಬನೇ. ಊಟಕ್ಕೆ ಅಕ್ಕಿ ಗಂಜಿ, ಉಪ್ಪು ಹಾಕಿದ ಹುಳಿ ಹಣ್ಣಿನ ಉಪ್ಪಿನಕಾಯಿ. ಕೈ ಬಾತು, ಕಾಲು ಬಾತು, ಕತ್ತಿ ಎತ್ತಲಾಗದ ಸ್ಥಿತಿಗೆ ಬರುತ್ತಿದ್ದರು. ಕಾಗಾವಾ ಜೆಂಜಿರೊ ಅನ್ನುವ ಶಿಷ್ಯ 3 ದಿನದ ವ್ರತ ಹಿಡಿದಾಗ ಕೊನೆಯ ದಿನ ಅವನ ಎದುರು ಒರಟಾಗಿ ಆಡುವ ಒಬ್ಬ ಬಂದನಂತೆ. ಸತ್ತರೂ ಸರಿ ಅಂತ ಕಾಗಾವಾ ಕತ್ತಿ ಎತ್ತಿ ಮುಂದೆ ನಡೆದ. ನೋಡುತ್ತ ಕೂತಿದ್ದ ತೆಸ್ಶು ಭಲೆ ಅಂತ ಹೇಳಿ ಆಟ ಅಲ್ಲಿಗೇ ನಿಲ್ಲಿಸಿಬಿಟ್ಟರು.

ನಾನು ಇಲ್ಲಿ ಎರಡು ಸಂಗತಿ ಗುರುತು ಹಾಕಿಕೊಂಡೆ. ವ್ರತ ಹಿಡಿದವ ಬೆಳೆದ ಗಂಡಸು, ಸುಮಾರು ಮೂರು ವರ್ಷ ಮೈ ತಯಾರು ಮಾಡಿಕೊಂಡು ತಾನಾಗೇ ಕೇಳಿದವ. ಮತ್ತು ಗುರು ಎದ್ದು ಹೋಗಲಿಲ್ಲ, ಕಣ್ಣಿಟ್ಟು ಕೂತಿದ್ದ, ನಿಲ್ಲಿಸುವ ಹೊತ್ತು ಅವನಿಗೆ ಗೊತ್ತಿತ್ತು. ಪಂಢರಪುರದ ವಾರಿಗೆ ಬರಿಗಾಲಲ್ಲಿ ನಡೆಯುವವರ ಕಾಲೂ ಗುಳ್ಳೆ ಏಳುತ್ತವೆ, ಆದರೆ ಯಾರೂ ಅವರನ್ನು ಹಿಂದಿನಿಂದ ಬಡಿಗೆ ಹಿಡಿದು ಅಟ್ಟುವುದಿಲ್ಲ.

ಕರಾಟೆ ಬಂದದ್ದು ಓಕಿನಾವಾ ದ್ವೀಪದಿಂದ. ಫುನಾಕೊಶಿ ಗಿಚಿನ್ ಅಲ್ಲಿಯ ಶಾಲಾ ಮಾಸ್ತರರು, ಹುಟ್ಟಿದ್ದು 1868. ಚಿಕ್ಕಂದಿನಲ್ಲಿ ರೋಗಿಷ್ಟ. ಹಗಲು ಶಾಲೆ ಕಲಿಸಿ, ರಾತ್ರಿ ಕಂದೀಲು ಹಿಡಿದು ಗುರು ಅಜಾತೊ ಅವರ ಮನೆಗೆ ನಡೆದು ಹೋಗುತ್ತಿದ್ದರು. ಅಂಗಳದಲ್ಲಿ ಒಂದೇ ವರಸೆ ತಿಂಗಳುಗಟ್ಟಲೆ. ಗುರು ಜಗಲಿಯ ಮೇಲೆ ಕೂತು ಇನ್ನೊಮ್ಮೆ ಅನ್ನುತ್ತಿದ್ದರು, ಎಂದೋ ಒಮ್ಮೆ ಚಲೋ ಅನ್ನುತ್ತಿದ್ದರು. ಇನ್ನೊಬ್ಬ ಗುರು ಇತೊಸು 1901ರಲ್ಲಿ ಓಕಿನಾವಾದ ಪ್ರಾಥಮಿಕ ಶಾಲೆಗೆ ಕರಾಟೆ ತಂದರು, ಆಮೇಲೆ ಮಕ್ಕಳ ಮೈಗೆ ಒಗ್ಗುವಂಥ ಸಣ್ಣ ವರಸೆಗಳನ್ನು ಕಟ್ಟಿದರು. ದೊಡ್ಡವರದ್ದನ್ನು ಹಾಗೇ ಮಕ್ಕಳ ಮೇಲೆ ಹೇರಲಿಲ್ಲ. ಫುನಾಕೊಶಿ 1922ರಲ್ಲಿ ಟೋಕಿಯೋಕ್ಕೆ ಹೋದಾಗ ವಯಸ್ಸು 50 ದಾಟಿತ್ತು. ವಿದ್ಯಾರ್ಥಿಗಳ ವಸತಿಯಲ್ಲಿ ಕಸ ಗುಡಿಸಿ, ಕಾವಲು ಕಾಯ್ದು, ಉಳಿದ ಹೊತ್ತಿನಲ್ಲಿ ಕರಾಟೆ ಕಲಿಸಿದರು.

ಹಾಗಾದರೆ ನೀರು ಕೊಡದೆ ಓಡಿಸೋದು ಎಲ್ಲಿಂದ ಬಂತು? ನನಗೆ ತಿಳಿದಂತೆ ಶಾಲೆ ಮತ್ತು ಫೌಜು ಒಂದಾದ ಮೇಲೆ. 1911ರಲ್ಲಿ ಕೆಂಡೊ, ಜುಡೊ ಹುಡುಗರ ಶಾಲೆಗಳಲ್ಲಿ ಬೇಕಾದವರಿಗೆ ಅಂತ ಬಂದವು. 1931ರಲ್ಲಿ ಕಡ್ಡಾಯವಾದವು. ಯುದ್ಧದ ವರ್ಷಗಳಲ್ಲಿ ಸಿಪಾಯಿಗಳನ್ನು ತಯಾರು ಮಾಡುವ ಸಾಮಾನಾದವು. 1945ರಲ್ಲಿ ಜಪಾನ ಸೋತಿತು, ಗೆದ್ದವರು ಶಾಲೆಗಳಲ್ಲಿ ಇವನ್ನು ನಿಲ್ಲಿಸಿದರು. 1950ರ ನಂತರ ಒಂದೊಂದಾಗಿ ತಿರುಗಿ ಬಂದವು. ಆದರೆ ಫೌಜಿನ ಗದರಿಕೆ ಆಟದ ಅಂಗಳದಲ್ಲಿ ಉಳಿದುಕೊಂಡಿತು. ಆಡುವಾಗ ನೀರು ಕುಡಿದರೆ ಮೈ ಸೋಲತೈತಿ ಅನ್ನುವ ನಂಬಿಕೆ 1980ರ ದಶಕದ ತನಕವೂ ಅಲ್ಲಿಯ ಶಾಲೆಗಳಲ್ಲಿ ಇತ್ತು. ಅದು ತಪ್ಪು ಅಂತ ಡಾಕ್ಟರರು ಹೇಳಿ ಹೇಳಿ ಈಗ ಬಿಟ್ಟಿದ್ದಾರೆ. ಅವರು ಬಿಟ್ಟದ್ದನ್ನು ನಮ್ಮ ಕಡೆಯವರು ಜಪಾನಿನ ಹೆಸರಲ್ಲಿ ಹಿಡಿದುಕೊಂಡಿದ್ದಾರೆ.

ಮುಂದಿನ ಮಾತು ಮಾಸ್ತರರು ಓದಿ ಹೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 1983ರಿಂದ ಸುಮಾರು 28 ವರ್ಷಗಳಲ್ಲಿ ಜಪಾನಿನ ಶಾಲೆಗಳಲ್ಲಿ ಜುಡೊ ಆಡುತ್ತ ಸತ್ತ ಮಕ್ಕಳು 100ಕ್ಕೂ ಹೆಚ್ಚು. ಬಹಳಷ್ಟು ಸಾವು ತಲೆಯೊಳಗೆ ರಕ್ತ ಸೋರಿ ಆದವು. ಸತ್ತವರಲ್ಲಿ ಹೆಚ್ಚಿನವರು ಆಗಷ್ಟೇ ಸೇರಿದ ಮೊದಲ ವರ್ಷದ ಹುಡುಗರು. ಬೀಳುವುದು ಸರಿಯಾಗಿ ಬರುವ ಮೊದಲೇ ಬಿದ್ದವರು. ತಲೆ ನೋಯುತ್ತದೆ ಅಂದರೂ ತಡಕೋ ಅನ್ನಿಸಿಕೊಂಡವರೂ ಇದ್ದರು. ಅಂಗಾಲಿನ ಗುಳ್ಳೆಗೆ ಹೇಳುವ ಮಾತನ್ನು ತಲೆನೋವಿಗೂ ಹೇಳಿದರು.

2012ರಲ್ಲಿ ಜುಡೊ, ಕೆಂಡೊ, ಸುಮೊ ಇಂಥವುಗಳಲ್ಲಿ ಒಂದನ್ನು ಮಾಧ್ಯಮಿಕ ಶಾಲೆಯಲ್ಲಿ ಮತ್ತೆ ಕಡ್ಡಾಯ ಮಾಡಿದಾಗ ಮಕ್ಕಳನ್ನು ಕಳೆದುಕೊಂಡ ತಂದೆತಾಯಿ ದನಿ ಎತ್ತಿದರು. 2013ರಲ್ಲಿ, ದೇಶದ ಮಹಿಳಾ ಜುಡೊ ತಂಡದ 15 ಹೆಣ್ಣುಮಕ್ಕಳು ತಮ್ಮನ್ನು ಹೊಡೆಯುತ್ತಾರೆ ಅಂತ ದೂರು ಕೊಟ್ಟದ್ದು ಬಯಲಿಗೆ ಬಂದು ತಂಡದ ತರಬೇತುದಾರ ಜಾಗ ಬಿಟ್ಟರು. 2022ರಲ್ಲಿ ಜಪಾನಿನ ಜುಡೊ ಮಂಡಳಿಯೇ ಚಿಕ್ಕ ಶಾಲೆಯ ಮಕ್ಕಳ ರಾಷ್ಟ್ರಮಟ್ಟದ ಒಂಟಿ ಪಂದ್ಯಗಳನ್ನು ನಿಲ್ಲಿಸಿತು. ಗೆಲ್ಲಲೇಬೇಕು ಅಂತ ದೊಡ್ಡವರು ಮಕ್ಕಳನ್ನು ಬೈಯುವುದು, ತೂಕ ಇಳಿಸಲು ಉಪವಾಸ ಕೆಡವುವುದು ಮಿತಿ ಮೀರಿತ್ತು.

ಮೊಮ್ಮಗನಿಗೆ ಇದನ್ನೆಲ್ಲ ಹೇಳಿದೆ. ಕ್ಲಾಸು ಬಿಡಿಸಿಲ್ಲ. ನೀರಿನ ಬಾಟಲಿ ತಗೊಂಡು ಹೋಗುತ್ತಾನೆ, ಗುಳ್ಳೆಗೆ ಪಟ್ಟಿ ಕಟ್ಟಿಕೊಳ್ಳೋದು ಕಲಿತಿದ್ದಾನೆ.

ಕೊಡೊಕಾನ್ ಈಗ ಟೋಕಿಯೋದಲ್ಲಿ ದೊಡ್ಡ ಕಟ್ಟಡ. ಹುಲ್ಲಿನ ಚಾಪೆಯ ಬದಲು ಮೆತ್ತನೆಯ ಹೊಸ ಚಾಪೆಗಳು ಬಂದಿವೆ. ಜನವರಿಯ ಕಂಗೇಕೊ ನಿಂತಿಲ್ಲ. ಇನ್ನೂ ಕತ್ತಲಿರುವಾಗಲೇ ಮುದುಕರು, ಹುಡುಗರು, ಹೆಣ್ಣುಮಕ್ಕಳು ಬರಿಗಾಲಲ್ಲಿ ಬಂದು ಸಾಲಾಗಿ ಕೂರುತ್ತಾರೆ. ಅದೇ ತಿಂಗಳು ಹೊಸ ವರ್ಷದ ಮೊದಲ ಕೂಟ. ಅವತ್ತು ಬಂದವರಿಗೆಲ್ಲ ಕೆಂಪು ಕಾಳಿನ ಬಿಸಿ ಸಿಹಿ ಗಂಜಿಯಲ್ಲಿ ಅಕ್ಕಿಯ ಉಂಡಿ ಹಾಕಿ ಕೊಡುತ್ತಾರೆ.