ಶಾಸನದಿಂದ ನಕ್ಷೆಯ ಕಡೆಗೆ: ಗೋವೆಯ ಕದಂಬ ನಗರಗಳ ಹುಡುಕಾಟ

ಫೋಂಡಾ ತಾಲ್ಲೂಕಿನ ಮಡ್ಕಯಿಯಲ್ಲಿ ನೆಲೆಸಿರುವ ನವದುರ್ಗೆ ಮೂಲದಲ್ಲಿ ತಿಸ್ವಾಡಿಯ ಗವಂಶಿಯವಳು. 16ನೇ ಶತಮಾನದಲ್ಲಿ ಪೋರ್ಚುಗೀಸರು ಗುಡಿಗಳನ್ನು ಕೆಡವತೊಡಗಿದಾಗ ಭಕ್ತರು ಅವಳನ್ನು ಇಲ್ಲಿಗೆ ತಂದರು. ದೇವರನ್ನು ಹೀಗೆ ಉಳಿಸಿಕೊಳ್ಳಬಹುದು, ನಗರವನ್ನು ಹೊತ್ತು ತರಲಾಗದು. ಅದೇ ತಿಸ್ವಾಡಿಯಲ್ಲಿ, ಜುವಾರಿಯ ದಡದ ಇಂದಿನ ಗೋವಾ ವೆಲ್ಹಾದಲ್ಲಿ, ಕದಂಬರ ರಾಜಧಾನಿ ಗೋಪಕಪಟ್ಟಣವಿತ್ತು. ಅದರ ಬೀದಿಗಳು ಎತ್ತ ಸಾಗುತ್ತಿದ್ದವು, ಕೇರಿಗಳು ಎಲ್ಲಿದ್ದವು ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಶತಮಾನ ದಾಟಿದೆ.

ಮೊದಲು ಮಾತಾಡಿದ್ದು ಶಾಸನಗಳು. ಬೊಂಬಾಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದಾಗ ಗೋವೆಯ ಕದಂಬರಿಗೂ ಅದರಲ್ಲಿ ಜಾಗ ದೊರೆಯಿತು. 1931ರಲ್ಲಿ ಜಾರ್ಜ್ ಮೊರಾಯಿಸ್ ಅವರ ‘ಕದಂಬ ಕುಲ’ ಬಂತು. 11ನೇ ಶತಮಾನದ ಒಂದನೇ ಜಯಕೇಶಿ ಗೋಪಕವನ್ನು ರಾಜಧಾನಿ ಮಾಡಿಕೊಂಡದ್ದು, ಅಲ್ಲಿನ ಹಡಗು ವ್ಯಾಪಾರ, ಅರಬ್ ವರ್ತಕರಿಗೆ ಸಿಕ್ಕ ಮನ್ನಣೆ ಎಲ್ಲವೂ ತಿಳಿದವು. ಆದರೆ ದಾನ ಕೊಟ್ಟವರ ಹೆಸರು ಹೇಳುವ ತಾಮ್ರಪಟ ಊರಿನ ಅಗಲ ಹೇಳುವುದಿಲ್ಲ.

ಎರಡನೆಯದು ಅಗೆತದ ಹಂತ. ಕುಶಾವತಿ ನದಿಯ ದಡದ ಚಾಂದೋರ್, ಕದಂಬರಿಗೂ ಹಿಂದೆ ಭೋಜರು ಆಳಿದ ಚಂದ್ರಪುರ. 1929ರಲ್ಲಿ ಫಾದರ್ ಹೆನ್ರಿ ಹೇರಾಸ್ ಅಲ್ಲಿ ಅಗೆದು ಗುಡಿಯೊಂದರ ತಳಪಾಯವನ್ನು ಬೆಳಕಿಗೆ ತಂದರು. ತಲೆಯಿಲ್ಲದ ನಂದಿ ಇಂದಿಗೂ ಅಲ್ಲಿದೆ. ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯೂ ಅಲ್ಲಿ ಉತ್ಖನನ ನಡೆಸಿತು. ಒಂದು ಗುಡಿ ಸಿಕ್ಕಿತು. ಗುಡಿಯ ಸುತ್ತಣ ಊರು ಇನ್ನೂ ಬಾಕಿ.

ಮೂರನೆಯ ಹಂತದಲ್ಲಿ ದೃಷ್ಟಿ ನೀರಿನತ್ತ ಹೊರಳಿತು. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಕಡಲ ಪುರಾತತ್ವಜ್ಞರು ಗೋಪಕಪಟ್ಟಣದ ನದಿಯಂಚಿನಲ್ಲಿ ಜಂಬಿಟ್ಟಿಗೆ ಕಲ್ಲಿನ ಧಕ್ಕೆಯ ಸಾಲನ್ನು ಗುರುತಿಸಿದರು. ಈ ಪಟ್ಟಣ ನದಿಗೆ ಮುಖ ಮಾಡಿ ಬೆಳೆದದ್ದೆಂಬುದಕ್ಕೆ ಕಲ್ಲಿನ ಸಾಕ್ಷಿಯೇ ಸಿಕ್ಕಂತಾಯಿತು.

ಬಿಡಿ ಕುರುಹುಗಳು ನಗರವಾಗುವುದು ನಕ್ಷೆಯ ಮೇಲೆ. ಮೆಕ್ಸಿಕೋದ ತಿಯೋತಿವಾಕಾನ್‌ನಲ್ಲಿಯೂ ಮೊದಲು ಕಣ್ಣು ಸೆಳೆದದ್ದು ಪಿರಮಿಡ್ಡುಗಳೇ. 1962ರಲ್ಲಿ ರೆನೆ ಮಿಲ್ಲನ್ ತಂಡ ಇಡೀ ಊರನ್ನು ಅಡಿಯಡಿಯಾಗಿ ನಡೆದು ಅಳೆಯತೊಡಗಿತು. ಸುಮಾರು 20 ಚದರ ಕಿಲೋಮೀಟರ್ ಹರವು, ಸುಮಾರು 2,000 ವಠಾರಗಳು, ಉತ್ತರದಿಂದ ಪೂರ್ವಕ್ಕೆ ಸುಮಾರು 15.5 ಡಿಗ್ರಿ ವಾಲಿದ ಹೆದ್ದಾರಿ, ಅದನ್ನೇ ಅನುಸರಿಸಿದ ಬೀದಿಗಳು: ನಗರ ರೂಪಿಸಿದವರ ಮನಸ್ಸು ಆ ನಕ್ಷೆಯಲ್ಲಿ ಕಾಣಿಸಿತು. ನಮ್ಮ ಹಂಪಿಯಲ್ಲಿಯೂ 1980ರಿಂದ ಜಾನ್ ಫ್ರಿಟ್ಸ್ ಮತ್ತು ಜಾರ್ಜ್ ಮಿಷೆಲ್ ಇದೇ ಹಾದಿ ಹಿಡಿದರು. ಸಣ್ಣಪುಟ್ಟ ಗುಡಿ, ಬಾವಿ, ಬಾಗಿಲುಗಳನ್ನೂ ಬಿಡದೆ ದಾಖಲಿಸಿದ ಮೇಲೆ, ಹಜಾರ ರಾಮ ಗುಡಿಯ ಸುತ್ತ ಅರಮನೆಯ ಆವರಣಗಳೂ ದಾರಿಗಳೂ ಹೆಣೆದುಕೊಂಡ ಬಗೆ ಸ್ಪಷ್ಟವಾಯಿತು.

ಗೋಪಕ, ಚಂದ್ರಪುರಗಳಿಗೂ ಅಂಥ ಅಳತೆ ಬೇಕು. ಅಲ್ಲಿ ಜನ ಮನೆ ಕಟ್ಟಿಕೊಂಡಿದ್ದಾರೆ, ಬೇಸಾಯ ಮಾಡುತ್ತಿದ್ದಾರೆ. ಎಲ್ಲವನ್ನೂ ಅಗೆಯಲಾಗದು, ಅಗೆಯಬೇಕಾಗಿಯೂ ಇಲ್ಲ. ಕೆರೆ, ಬಾವಿ, ಹಳೆಯ ಗೋಡೆ, ಹೊಲದ ಹೆಸರುಗಳನ್ನು ಸ್ಥಳೀಯರ ಜೊತೆ ಕೂತು ಗುರುತಿಸಬಹುದು. ಚಾಂದೋರಿನ ಜನ ಕೋಟೆಯಿದ್ದ ಜಾಗವನ್ನು ಇಂದಿಗೂ ಕೋಟ್ ಎಂದೇ ಕರೆಯುತ್ತಾರೆ. ದೇವಿಯ ತವರು ಗವಂಶಿ ಎಂಬುದನ್ನು ಮಡ್ಕಯಿ ನಾಲ್ಕು ಶತಮಾನ ಕಳೆದರೂ ಮರೆತಿಲ್ಲ. ನಕ್ಷೆಯ ಮೊದಲ ಗೆರೆಯನ್ನು ಇಂಥ ನೆನಪುಗಳಿಂದಲೇ ಎಳೆಯಬೇಕು.