ಟಪಾಲಿನಲ್ಲಿ ಬೆಳೆದ ಗಣಿತ ಸಂಘ

1906ರ ಡಿಸೆಂಬರ್ 25. ಅನಂತಪುರ ಜಿಲ್ಲೆಯ ಗುತ್ತಿಯಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದ ವಿ. ರಾಮಸ್ವಾಮಿ ಅಯ್ಯರ್ ಅವರು ಅಂದು ಒಂದು ಪತ್ರ ಬರೆದು, ಗಣಿತದಲ್ಲಿ ಆಸಕ್ತಿಯಿದ್ದ ತಮ್ಮ ಸ್ನೇಹಿತರಿಗೆಲ್ಲ ಕಳುಹಿಸಿದರು. ಪತ್ರದ ಸಾರಾಂಶ ಇಷ್ಟು: ದೊಡ್ಡ ಪುಸ್ತಕಾಲಯದ ಸಮೀಪದಲ್ಲಿ ಇಲ್ಲದವರಿಗೆ ಈ ದೇಶದಲ್ಲಿ ಗಣಿತದ ಹೊಸ ಪುಸ್ತಕಗಳಾಗಲಿ ನಿಯತಕಾಲಿಕಗಳಾಗಲಿ ನೋಡಲು ಸಿಗುವುದಿಲ್ಲ. ಆದ್ದರಿಂದ ಒಂದು ಸಣ್ಣ ಸಂಘ ಕಟ್ಟೋಣ. ಎಲ್ಲರೂ ಚಂದಾ ಹಾಕಿ ಅವುಗಳನ್ನು ತರಿಸೋಣ. ಯಾವುದಾದರೂ ದೊಡ್ಡ ಊರಿನಲ್ಲಿ ಸಂಘದ ಕಚೇರಿ ಇರಲಿ. ಅಲ್ಲಿಂದ ಪುಸ್ತಕಗಳು ಅಂಚೆಯಲ್ಲಿ ಸದಸ್ಯರಿಗೆ ಹೋಗಲಿ, ಓದಿದವರು ಗೊತ್ತುಪಡಿಸಿದ ಅವಧಿಯೊಳಗೆ ಮುಂದಕ್ಕೆ ಕಳುಹಿಸಲಿ. ಅರ್ಧ ಡಜನ್ ಜನ ಒಪ್ಪಿದರೂ ಸಾಕು, ಈಗಲೇ ಆರಂಭಿಸಬಹುದು.

ಒಪ್ಪಿದವರು ಅರ್ಧ ಡಜನ್ ಅಲ್ಲ, ಇಪ್ಪತ್ತು ಮಂದಿ. ಮೂರು ತಿಂಗಳು ಕಳೆಯುವಷ್ಟರಲ್ಲಿ, 1907ರ ಏಪ್ರಿಲ್ 4ರಂದು, ಸಂಘ ಅಸ್ತಿತ್ವಕ್ಕೆ ಬಂತು. ಮೊದಲು ಇಟ್ಟ ಹೆಸರು ಅನಲಿಟಿಕ್ ಕ್ಲಬ್. ಸ್ವಲ್ಪ ದಿನಗಳಲ್ಲೇ ಅದು ಇಂಡಿಯನ್ ಮ್ಯಾಥಮ್ಯಾಟಿಕಲ್ ಕ್ಲಬ್ ಆಯಿತು. 1910ರಲ್ಲಿ ಹೊಸ ನಿಯಮಾವಳಿ ಅಂಗೀಕಾರವಾಗಿ ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿ ಎಂಬ ಹೆಸರು ನಿಂತಿತು. ಭಾರತದಲ್ಲಿ ಗಣಿತಕ್ಕೆಂದೇ ಹುಟ್ಟಿದ ಸಂಘಗಳಲ್ಲಿ ಇದೇ ಹಿರಿಯದು.

ರೆವಿನ್ಯೂ ಇಲಾಖೆಯ ಅಧಿಕಾರಿಗೂ ಗಣಿತಕ್ಕೂ ಏನು ಸಂಬಂಧವೆಂದು ಕೇಳಬಹುದು. ರಾಮಸ್ವಾಮಿ ಅಯ್ಯರ್ ಅವರಿಗೆ ತ್ರಿಭುಜದ ರೇಖಾಗಣಿತವೆಂದರೆ ಪ್ರಾಣ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಅವರು ಲಂಡನ್ನಿನ ‘ಎಜುಕೇಷನಲ್ ಟೈಮ್ಸ್’ ಪತ್ರಿಕೆಗೆ ಬರೆಯುತ್ತಿದ್ದರು. ಬರಹ ನೋಡಿದ ಅಲ್ಲಿನ ಸಂಪಾದಕರು ಇವರು ಯಾರೋ ಪ್ರೊಫೆಸರ್ ಇರಬೇಕೆಂದು ಭಾವಿಸಿ ಹಾಗೆಯೇ ಸಂಬೋಧಿಸಿದರು. ಗೆಳೆಯರ ವಲಯದಲ್ಲಿ ಆ ಬಿರುದು ಉಳಿದುಬಿಟ್ಟಿತು. ಆದರೆ ಈ ಪ್ರೊಫೆಸರರು ಕೂತದ್ದು ತಾಲ್ಲೂಕು ಕೇಂದ್ರಗಳ ಕಚೇರಿಯಲ್ಲಿ. ಸುತ್ತ ನೂರಾರು ಮೈಲಿ ಹುಡುಕಿದರೂ ಅವರು ಬಯಸುವ ಪತ್ರಿಕೆ ಸಿಗುವಂತಿರಲಿಲ್ಲ. ಪತ್ರದಲ್ಲಿ ತೋಡಿಕೊಂಡ ಕಷ್ಟ ಅವರದೇ ಕಷ್ಟ.

ಸಂಘವೆಂದರೆ ನಮ್ಮ ಕಣ್ಣಿಗೆ ಬರುವುದು ಒಂದು ಕಟ್ಟಡ, ಒಂದು ಸಭಾಂಗಣ, ತಿಂಗಳಿಗೊಂದು ಭಾಷಣ. ಈ ಸಂಘಕ್ಕೆ ಅದ್ಯಾವುದೂ ಇರಲಿಲ್ಲ. ಸ್ಥಾಪಕರು ಗುತ್ತಿಯಲ್ಲಿ. ಮೊದಲ ಅಧ್ಯಕ್ಷರಾದ ಬಿ. ಹನುಮಂತ ರಾವ್ ಮದರಾಸಿನಲ್ಲಿ. ಪುಸ್ತಕಾಲಯ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಆಗ ಅಲ್ಲಿ ಪ್ರಿನ್ಸಿಪಾಲರಾಗಿದ್ದವರು 1899ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಮೊದಲಿಗರ ಸಾಲಿಗೆ ಸೇರಿ ಸೀನಿಯರ್ ರ‍್ಯಾಂಗ್ಲರ್ ಎನಿಸಿಕೊಂಡಿದ್ದ ಆರ್.ಪಿ. ಪರಾಂಜಪೆ. ಸಂಪಾದಕರು ಬೆಂಗಳೂರಿನಲ್ಲಿ. ಮರುವರ್ಷ, 1908ರಲ್ಲಿ, ಕಲ್ಕತ್ತದಲ್ಲಿ ಆಶುತೋಷ್ ಮುಖರ್ಜಿಯವರ ಅಧ್ಯಕ್ಷತೆಯಲ್ಲಿ ಮತ್ತೊಂದು ಗಣಿತ ಸಂಘ ಹುಟ್ಟಿತು. ಅದು ಒಂದು ಮಹಾನಗರದ, ಒಂದು ವಿಶ್ವವಿದ್ಯಾಲಯದ ಆಸರೆಯಲ್ಲಿ ಬೆಳೆದದ್ದು. ಸಂಜೆ ಟ್ರಾಮ್ ಹತ್ತಿದರೆ ಸಭೆಗೆ ಬಂದಂತೆ. ಗುತ್ತಿಯ ಪತ್ರದಿಂದ ಹುಟ್ಟಿದ ಸಂಘಕ್ಕೆ ಆ ಸೌಕರ್ಯವಿಲ್ಲ. ಅದರ ಸಭಾಂಗಣ ಅಂಚೆ ಚೀಲ. ಸದಸ್ಯರೆಲ್ಲ ಒಂದೆಡೆ ಸೇರುವ ಮೊದಲ ಸಮ್ಮೇಳನ ನಡೆದದ್ದು 1916ರಲ್ಲಿ. ಅಂದರೆ ಒಂಬತ್ತು ವರ್ಷ ಸಂಘ ಕಾಗದದ ಮೇಲೆಯೇ ಬದುಕಿತ್ತು. ಕಾಗದದ ಮೇಲಿನ ಸಂಘಗಳೆಂದು ನಾವು ಹಗುರವಾಗಿ ಆಡುತ್ತೇವಲ್ಲ, ಇದು ಆ ಅರ್ಥದ್ದಲ್ಲ.

ಮೊದಲ ಎರಡು ವರ್ಷ ಸದಸ್ಯರಿಗೆ ಹೋಗುತ್ತಿದ್ದುದು ಪ್ರಗತಿ ವರದಿಗಳು. 1909ರಲ್ಲಿ ಸಂಘದ ಸ್ವಂತ ಪತ್ರಿಕೆ ಆರಂಭವಾಯಿತು. ಅದರ ಸಂಪಾದಕತ್ವವನ್ನು ಹೊತ್ತವರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಗಣಿತದ ಪ್ರಾಧ್ಯಾಪಕ ಮಂಡ್ಯಂ ತೊಂಡನೂರು ನಾರಣಯ್ಯಂಗಾರ್. 1909ರಿಂದ 1927ರವರೆಗೆ, ಹದಿನೆಂಟು ವರ್ಷ, ಅವರು ಆ ಹೊಣೆಯನ್ನು ಬಿಡಲಿಲ್ಲ. ಕಾಲೇಜಿನ ಪಾಠ ಮುಗಿಸಿ ಬಂದು, ದೇಶದ ಮೂಲೆಮೂಲೆಯಿಂದ ಬಂದ ಹಸ್ತಪ್ರತಿಗಳನ್ನು ಬಿಡಿಸಿ, ಲೆಕ್ಕ ಸರಿಯಿದೆಯೇ ಎಂದು ನೋಡಿ, ಅಚ್ಚಿಗೆ ಒಪ್ಪುವಂತೆ ತಿದ್ದಿ, ಕರಡು ನೋಡುವ ಕೆಲಸ ಅದು. ಗಣಿತದ ಕರಡು ತಿದ್ದಿದವರಿಗೆ ಗೊತ್ತು: ಒಂದು ಘಾತಾಂಕ ಕೆಳಗೆ ಜಾರಿದರೆ ಇಡೀ ಪುಟ ಸುಳ್ಳಾಗುತ್ತದೆ.

ನಾರಣಯ್ಯಂಗಾರ್ ಅವರ ಹೆಸರು ಕರ್ನಾಟಕದಲ್ಲಿ ಇನ್ನೂ ಹೆಚ್ಚು ಪರಿಚಿತವಾಗಬೇಕಿತ್ತು. ರೇಖಾಗಣಿತದಲ್ಲಿ ಮಾರ್ಲಿಯ ಪ್ರಮೇಯ ಎಂದೊಂದಿದೆ. ಯಾವುದೇ ತ್ರಿಭುಜವನ್ನು ತೆಗೆದುಕೊಂಡು ಅದರ ಪ್ರತಿಯೊಂದು ಕೋನವನ್ನೂ ಮೂರು ಸಮಭಾಗ ಮಾಡಿ ಗೆರೆ ಎಳೆಯಿರಿ. ಪ್ರತಿ ಬಾಹುವಿಗೆ ಹತ್ತಿರದ ಎರಡೆರಡು ಗೆರೆಗಳು ಸೇರುವ ಮೂರು ಬಿಂದುಗಳನ್ನು ಕೂಡಿಸಿದರೆ, ಮೂಲ ತ್ರಿಭುಜ ಎಷ್ಟೇ ಸೊಟ್ಟಗಿರಲಿ, ಒಳಗೆ ಸಿಗುವುದು ಸಮಬಾಹು ತ್ರಿಭುಜ. ಫ್ರಾಂಕ್ ಮಾರ್ಲಿ 1899ರಲ್ಲಿ ಕಂಡುಕೊಂಡ ಈ ಸಂಗತಿ ಎರಡು ಸಾವಿರ ವರ್ಷ ಎಲ್ಲರ ಕಣ್ಣು ತಪ್ಪಿಸಿಕೊಂಡಿತ್ತು. ಅದಕ್ಕೆ ದೊರೆತ ಮೊದಮೊದಲ ಸರಳ ಸಾಧನೆಗಳಲ್ಲಿ ಒಂದು 1909ರಲ್ಲಿ ಬೆಂಗಳೂರಿನ ಈ ಪ್ರಾಧ್ಯಾಪಕರು ಕೊಟ್ಟದ್ದು. ಪ್ರಕಟವಾದದ್ದು ಅದೇ ‘ಎಜುಕೇಷನಲ್ ಟೈಮ್ಸ್’ನ ಪ್ರಶ್ನೋತ್ತರಗಳಲ್ಲಿ. ಇಪ್ಪತ್ತನೆಯ ಶತಮಾನದ ಹೆಸರಾಂತ ರೇಖಾಗಣಿತಜ್ಞ ಕಾಕ್ಸೆಟರ್, ಗ್ರೈಟ್ಜರ್ ಜೊತೆ 1967ರಲ್ಲಿ ಹೊರತಂದ ಪುಸ್ತಕದಲ್ಲಿ ಮಾರ್ಲಿಯ ಪ್ರಮೇಯವನ್ನು ವಿವರಿಸುವಾಗ ನಾರಣಯ್ಯಂಗಾರ್ ಅವರ ದಾರಿಯನ್ನು ಹೆಸರಿಸಿಯೇ ಬಳಸಿದ್ದಾರೆ.

ಸ್ಥಾಪಕರೂ ಸಂಪಾದಕರೂ ಇಬ್ಬರೂ ಲಂಡನ್ನಿನ ಪ್ರಶ್ನೋತ್ತರ ಅಂಕಣದಲ್ಲಿ ಪಳಗಿದವರು. ಹೀಗಾಗಿ ತಮ್ಮ ಪತ್ರಿಕೆಯಲ್ಲೂ ಅಂಥದೊಂದು ಅಂಕಣ ಇಟ್ಟದ್ದು ಸಹಜ. ಯಾರು ಬೇಕಾದರೂ ಪ್ರಶ್ನೆ ಕಳುಹಿಸಬಹುದು. ಪ್ರಶ್ನೆಗೆ ಒಂದು ಕ್ರಮಸಂಖ್ಯೆ ಬೀಳುತ್ತದೆ. ಬಿಡಿಸಿದವರ ಉತ್ತರ ಮುಂದಿನ ಸಂಚಿಕೆಗಳಲ್ಲಿ ಬರುತ್ತದೆ. ಪದವಿ, ಹುದ್ದೆ, ಊರು ಯಾವುದನ್ನೂ ಕೇಳುವ ಅಗತ್ಯವಿಲ್ಲ. ಊರೂರು ಚದುರಿದ ಜನರನ್ನು ಒಂದು ಕಡೆ ಕೂರಿಸಲಾಗದ ಸಂಘಕ್ಕೆ ಇದೇ ಸಭೆ, ಇದೇ ಚರ್ಚೆ.

ಈ ಏರ್ಪಾಟಿನ ಬೆಲೆ ತಿಳಿದದ್ದು 1910ರ ನಂತರ. ಆ ವರ್ಷ ರಾಮಸ್ವಾಮಿ ಅಯ್ಯರ್ ಅವರು ದಕ್ಷಿಣ ಆರ್ಕಾಟ್ ಜಿಲ್ಲೆಯ ತಿರುಕ್ಕೋಯಿಲೂರಿನಲ್ಲಿದ್ದರು. ಅಲ್ಲಿಗೆ ಕುಂಭಕೋಣದ ಕಡೆಯ ಯುವಕನೊಬ್ಬ ಬಂದು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಕೊಡಿಸಬೇಕೆಂದು ಕೇಳಿದ. ಕಾಲೇಜು ಪರೀಕ್ಷೆಯಲ್ಲಿ ನಪಾಸಾದವನು. ಅರ್ಹತೆಗೆ ತೋರಿಸಿದ್ದು ಎರಡು ನೋಟು ಪುಸ್ತಕ. ಅವನೇ ಶ್ರೀನಿವಾಸ ರಾಮಾನುಜನ್. ಪುಸ್ತಕ ತಿರುವಿಹಾಕಿದ ಡೆಪ್ಯುಟಿ ಕಲೆಕ್ಟರರು ಕೆಲಸ ಕೊಡಲಿಲ್ಲ! ಇಂಥ ಪ್ರತಿಭೆಯನ್ನು ರೆವಿನ್ಯೂ ಇಲಾಖೆಯ ಕೆಳಗಿನ ಮೆಟ್ಟಿಲಲ್ಲಿ ಉಸಿರು ಕಟ್ಟಿಸಲು ಮನಸ್ಸು ಬರಲಿಲ್ಲವೆಂದು ಮುಂದೆ ಅವರೇ ನೆನೆದರು. ಬದಲಿಗೆ ಪರಿಚಯ ಪತ್ರ ಬರೆದು ಮದರಾಸಿಗೆ ಕಳುಹಿಸಿದರು. ಅಲ್ಲಿ ಪಿ.ವಿ. ಶೇಷು ಅಯ್ಯರ್, ಅವರ ಮೂಲಕ ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾವ್, ಆಮೇಲೆ ಪೋರ್ಟ್ ಟ್ರಸ್ಟ್‌ನ ಎಸ್. ನಾರಾಯಣ ಅಯ್ಯರ್. ರಾಮಾನುಜನ್ ಅವರ ಜೀವನ ಚರಿತ್ರೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಬರುವ ಈ ಉಪಕಾರಿಗಳನ್ನು ದೈವಯೋಗವೆಂದು ವರ್ಣಿಸುವುದುಂಟು. ಅಷ್ಟು ದೂರ ಹೋಗಬೇಕಾಗಿಲ್ಲ. ಅವರೆಲ್ಲ ಒಂದೇ ಸಂಘದ ಸದಸ್ಯರು. ಪುಸ್ತಕ, ಪತ್ರಿಕೆ, ಪತ್ರಗಳ ಮೂಲಕ ಒಬ್ಬರನ್ನೊಬ್ಬರು ಆಗಲೇ ಬಲ್ಲವರು. ಗುತ್ತಿಯ ಪತ್ರ ಹುಟ್ಟದೇ ಇದ್ದಿದ್ದರೆ ಆ ಯುವಕನನ್ನು ಯಾರ ಬಳಿಗೆ ಕಳುಹಿಸಬೇಕೆಂಬುದೇ ಯಾರಿಗೂ ಹೊಳೆಯುತ್ತಿರಲಿಲ್ಲವೇನೋ.

1911ರಲ್ಲಿ ಸಂಘದ ಪತ್ರಿಕೆಯಲ್ಲಿ ರಾಮಾನುಜನ್ ಹೆಸರಿನ ಪ್ರಶ್ನೆಗಳು ಕಾಣಿಸಿಕೊಂಡವು. 289ನೆಯದು ಇಂದಿಗೂ ಪ್ರಸಿದ್ಧ. ಒಂದಕ್ಕೆ, ಎರಡರಿಂದ ಗುಣಿಸಿದ ಒಂದು ವರ್ಗಮೂಲವನ್ನು ಕೂಡಿಸಿ ಇಡೀ ಮೊತ್ತದ ವರ್ಗಮೂಲ ತೆಗೆಯಬೇಕು. ಒಳಗಿನ ಆ ವರ್ಗಮೂಲದೊಳಗೆ ಒಂದು, ಜೊತೆಗೆ ಮೂರರಿಂದ ಗುಣಿಸಿದ ಮತ್ತೊಂದು ವರ್ಗಮೂಲ; ಅದರೊಳಗೆ ನಾಲ್ಕು, ಐದು... ಹೀಗೆ ಕೊನೆಯಿಲ್ಲದೆ. ಬೆಲೆ ಎಷ್ಟು? ಎರಡು ತಿಂಗಳಿಗೊಮ್ಮೆ ಬರುತ್ತಿದ್ದ ಪತ್ರಿಕೆಯ ಮೂರು ಸಂಚಿಕೆ ಕಳೆದರೂ ಯಾರೂ ಉತ್ತರಿಸಲಿಲ್ಲ. ಕೊನೆಗೆ ಪ್ರಶ್ನೆ ಕೇಳಿದವರೇ ಉತ್ತರ ಕೊಟ್ಟರು: ಮೂರು. ದಾರಿ ತಿಳಿದ ಮೇಲೆ ಹೈಸ್ಕೂಲು ಹುಡುಗನಿಗೂ ಅರ್ಥವಾಗುವಂಥದು. ಮೂರರ ವರ್ಗ ಒಂಬತ್ತು, ಅದು 1 + 2×4. ಅಲ್ಲಿನ ನಾಲ್ಕರ ವರ್ಗ ಹದಿನಾರು, ಅದು 1 + 3×5. ಐದರ ವರ್ಗ ಇಪ್ಪತ್ತೈದು, ಅದು 1 + 4×6. ಪ್ರತಿ ಸಲವೂ ಕೊನೆಯ ಸಂಖ್ಯೆಯನ್ನು ಮುಂದಿನ ವರ್ಗಮೂಲವಾಗಿ ಬರೆಯುತ್ತ ಹೋದರೆ ಪ್ರಶ್ನೆಯಲ್ಲಿನ ಸರಪಳಿಯೇ ಬಿಚ್ಚಿಕೊಳ್ಳುತ್ತದೆ.

ಪ್ರಶ್ನೆಗಳೇನೋ ಚಿಕ್ಕವು. ಬರ್ನೌಲಿ ಸಂಖ್ಯೆಗಳ ಕುರಿತ ರಾಮಾನುಜನ್ ಅವರ ಮೊದಲ ದೊಡ್ಡ ಲೇಖನ ಕೈಗೆ ಬಂದಾಗ ಸಂಪಾದಕರಿಗೆ ನಿಜವಾದ ಇಕ್ಕಟ್ಟು. ಬರೆದವನಿಗೆ ಪದವಿಯಿಲ್ಲ. ಸಾಧನೆಗಳು ಅರ್ಧಂಬರ್ಧ. ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಹೇಗೆ ಹೋದನೆಂಬುದು ಓದುವವನ ಊಹೆಗೆ ಬಿಟ್ಟದ್ದು. ಹೊಸ ಪತ್ರಿಕೆ, ತಪ್ಪು ಅಚ್ಚಾದರೆ ನಗೆಪಾಟಲು. ವಿಷಾದ ಸೂಚಿಸಿ ಹಿಂದಿರುಗಿಸುವುದು ಸುಲಭವಿತ್ತು. ನಾರಣಯ್ಯಂಗಾರ್ ಹಾಗೆ ಮಾಡಲಿಲ್ಲ. ಲೇಖನ ಬೆಂಗಳೂರಿಗೂ ಮದರಾಸಿಗೂ ಮತ್ತೆ ಮತ್ತೆ ಓಡಾಡಿತು. ಪ್ರತಿ ಸಲ ಒಂದಿಷ್ಟು ತಿದ್ದುಪಡಿ, ಒಂದಿಷ್ಟು ವಿವರಣೆ. ವಿಧಾನ ಹೊಸದಾಗಿಯೂ ಅತಿ ಸಂಕ್ಷಿಪ್ತವಾಗಿಯೂ ಇದ್ದುದರಿಂದ ಸಾಮಾನ್ಯ ಓದುಗ ಹಿಂಬಾಲಿಸುವುದೇ ಕಷ್ಟವಾಗಿತ್ತೆಂದು ಅವರು ಆಮೇಲೆ ಹೇಳಿದ್ದಾರೆ. ಅಂತೂ 1911ರ ಕೊನೆಯಲ್ಲಿ ಅದು ಅಚ್ಚಾಯಿತು. 1913ರ ಜನವರಿಯಲ್ಲಿ ರಾಮಾನುಜನ್ ಕೇಂಬ್ರಿಜ್‌ನ ಹಾರ್ಡಿಯವರಿಗೆ ಆ ಪ್ರಸಿದ್ಧ ಪತ್ರ ಬರೆಯುವ ಹೊತ್ತಿಗೆ ಅವರು ಅಚ್ಚಾದ ಲೇಖನವಿದ್ದ ಗಣಿತಜ್ಞ. ಹಾರ್ಡಿಯವರಿಗೆ ಸಲ್ಲುವ ಕೀರ್ತಿಯನ್ನು ಕಡಿಮೆ ಮಾಡಬೇಕಾಗಿಲ್ಲ. ಆದರೆ ಎರಡು ವರ್ಷ ಮೊದಲೇ ಬೆಂಗಳೂರಿನಲ್ಲಿ ಒಬ್ಬರು ಆ ಬರಹದೊಡನೆ ಗುದ್ದಾಡಿದ್ದರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

1916ರಲ್ಲಿ ಮದರಾಸಿನಲ್ಲಿ ಮೊದಲ ಸಮ್ಮೇಳನ ಸೇರಿದಾಗ ಅಧ್ಯಕ್ಷರಾಗಿದ್ದವರು, ಒಂದು ಕಾಲಕ್ಕೆ ತಿಂಗಳಿಗೆ 25 ರೂಪಾಯಿ ಕೊಟ್ಟು ರಾಮಾನುಜನ್ ಅವರನ್ನು ಸಾಕಿದ್ದ ರಾಮಚಂದ್ರ ರಾವ್. ರಾಮಾನುಜನ್ ಅಲ್ಲಿರಲಿಲ್ಲ. ಯುದ್ಧ ನಡೆಯುತ್ತಿತ್ತು, ಅವರು ಕೇಂಬ್ರಿಜ್‌ನಲ್ಲಿದ್ದರು. ಆ ವರ್ಷದ ಮಾರ್ಚಿಯಲ್ಲೇ ಅವರಿಗೆ ಅಲ್ಲಿನ ಪದವಿ ಬಂದಿತ್ತು. ಎರಡನೆಯ ಸಮ್ಮೇಳನ 1919ರಲ್ಲಿ ಮುಂಬಯಿಯಲ್ಲಿ, ಮೂರನೆಯದು 1921ರಲ್ಲಿ ಲಾಹೋರಿನಲ್ಲಿ. ಊರು ಬದಲಿಸುತ್ತ ಹೋದದ್ದರಲ್ಲಿ ಒಂದು ಜಾಣತನವಿದೆ. ಒಂದೇ ಊರಿಗೆ ಅಂಟಿಕೊಂಡರೆ ಸಂಘ ಆ ಊರಿನದಾಗುತ್ತದೆ. ರಾಮಾನುಜನ್ ಮಾತ್ರ 1920ರ ಏಪ್ರಿಲ್ 26ರಂದು ತೀರಿಕೊಂಡಿದ್ದರು. ಸಂಘದ ಪತ್ರಿಕೆಯಲ್ಲಿ ಅವರ ನೆನಪು ಬರೆದವರಲ್ಲಿ ರಾಮಚಂದ್ರ ರಾವ್ ಒಬ್ಬರು.

ಸಮ್ಮೇಳನಗಳು ಮುಂದೆ ಸುಮಾರು ಎರಡು ವರ್ಷಕ್ಕೊಮ್ಮೆ ನಡೆದು, 1951ರಿಂದ ವಾರ್ಷಿಕವಾದವು. 1932ರಲ್ಲಿ ಮುಂಬಯಿಯಲ್ಲಿ ಬೆಳ್ಳಿಹಬ್ಬ. ಆ ಹೊತ್ತಿಗೆ ಇನ್ನೊಂದು ತೊಡಕು ಎದ್ದಿತ್ತು. ಸಂಶೋಧನೆ ಗಹನವಾದಂತೆಲ್ಲ ಪತ್ರಿಕೆ ಸಾಮಾನ್ಯ ಅಧ್ಯಾಪಕರ ಕೈಗೆಟುಕದಂತಾಯಿತು. ಸುಲಭ ಮಾಡಿದರೆ ಸಂಶೋಧಕರಿಗೆ ಜಾಗವಿಲ್ಲ. 1933ರಲ್ಲಿ ‘ದಿ ಮ್ಯಾಥಮ್ಯಾಟಿಕ್ಸ್ ಸ್ಟೂಡೆಂಟ್’ ಎಂಬ ಎರಡನೆಯ ಪತ್ರಿಕೆ ಎ. ನರಸಿಂಗ ರಾವ್ ಅವರ ಸಂಪಾದಕತ್ವದಲ್ಲಿ ಬೇರೆಯಾಗಿ ಹೊರಟಿತು. ಮೂಲ ಪತ್ರಿಕೆ ಆರ್. ವೈದ್ಯನಾಥಸ್ವಾಮಿಯವರ ಕೈಯಲ್ಲಿ ಪೂರ್ತಿ ಸಂಶೋಧನೆಗೆ ತಿರುಗಿತು. ಇದು ಅನಿವಾರ್ಯವಾಗಿತ್ತು, ನಿಜ. ಆದರೂ ಕಾಲೇಜು ಮೇಷ್ಟರು, ಕಲೆಕ್ಟರು, ಬಂದರಿನ ಗುಮಾಸ್ತೆ ಎಲ್ಲರೂ ಒಂದೇ ಪುಟದಲ್ಲಿ ಕೂರುತ್ತಿದ್ದ ಕಾಲ ಅಲ್ಲಿಗೆ ಮುಗಿಯಿತು. ರಾಮಸ್ವಾಮಿ ಅಯ್ಯರ್ 1936ರಲ್ಲಿ, ನಾರಣಯ್ಯಂಗಾರ್ 1940ರಲ್ಲಿ ತೀರಿಕೊಂಡರು. ಇಬ್ಬರೂ ಅದಕ್ಕೆ ಮೊದಲು ಸಂಘದ ಅಧ್ಯಕ್ಷರಾಗಿದ್ದರು.

ರಾಮಾನುಜನ್ ಆ ಅಂಕಣಕ್ಕೆ ಒಟ್ಟು 58 ಪ್ರಶ್ನೆಗಳನ್ನು ಕಳುಹಿಸಿದ್ದರು. ಅವುಗಳಲ್ಲಿ 1913ರ 464ನೆಯದು ಹೀಗೆ: ಎರಡನ್ನು ಎರಡರಿಂದಲೇ ಗುಣಿಸುತ್ತ ಹೋಗಿ, ಬಂದ ಸಂಖ್ಯೆಯಿಂದ ಏಳು ಕಳೆದರೆ ಕೆಲವು ಸಲ ಪೂರ್ಣವರ್ಗ ಸಿಗುತ್ತದೆ. ಘಾತ 3, 4, 5, 7 ಆದಾಗ 1, 9, 25, 121. ಘಾತ 15 ಆದಾಗ 32,761, ಅಂದರೆ 181ರ ವರ್ಗ. ಬೇರೆ ಇವೆಯೇ? 1943ರಲ್ಲಿ ನಾರ್ವೆಯ ಗಣಿತಜ್ಞ ಲ್ಯುಂಗ್ಗ್ರೆನ್ ಇದೇ ಪ್ರಶ್ನೆಯನ್ನು ಅಲ್ಲಿನ ಗಣಿತ ಪತ್ರಿಕೆಯೊಂದರಲ್ಲಿ ಕೇಳಿದರು. ಬೇರೆ ಇಲ್ಲವೆಂದು ನಾಗೆಲ್ ಅವರು ಸಾಧಿಸಿ ತೋರಿಸಿದ್ದು 1948ರಲ್ಲಿ, ಬೆಂಗಳೂರಿನ ಸಂಪಾದಕರು ಅದನ್ನು ಅಚ್ಚಿಗೆ ಕಳುಹಿಸಿದ ಮೂವತ್ತೈದು ವರ್ಷಗಳ ಮೇಲೆ.